ಬಗ್ಗಿದ ಬಲೆ

ಅರಮನೆಯ ಟೆನಿಸ್ ಅಂಗಳದಲ್ಲಿ ಒಂದು ಬಲೆಯಿತ್ತು. ಮಹಾರಾಜರು ಆಡುವಾಗ ಅದನ್ನು ಗೇಣುದ್ದ ತಗ್ಗಿಸುತ್ತಿದ್ದರು. ಗೆಲುವು ಯಾವಾಗಲೂ ಅವರದೇ. ಅರಸೊತ್ತಿಗೆ ಅಳಿಯಿತು, ಚುನಾವಣೆ ಬಂತು, ಅಂಗಳ ಊರಿನ ಸಂಘದ ಪಾಲಾಯಿತು. ಇನ್ನಾದರೂ ತಲೆಯೆತ್ತಿ ನಿಲ್ಲಬಹುದೆಂದು ಬಲೆ ಹಿಗ್ಗಿತು. ಆದರೆ ಆರಿಸಿಬಂದ ಅಧ್ಯಕ್ಷರೂ ಆಟಕ್ಕಿಳಿದವರೇ, "ಬಲೆ ತಗ್ಗಿಸಿ" ಎಂದರು.

"ಕಂಬಣ್ಣ, ಮತ್ತೆ ಬಗ್ಗಬೇಕೇ?" ಎಂದು ಬಲೆ ನೊಂದುಕೊಂಡಿತು.

"ಬಗ್ಗು ತಂಗಿ, ಏನಾಗುತ್ತದೋ ನೋಡೋಣ" ಎಂದಿತು ಕಂಬ.

ಎದುರು ಆಡಿದವಳು ಶಾಲೆಯ ಉಪಾಧ್ಯಾಯಿನಿ ದಾಕ್ಷಾಯಣಿ. ತಗ್ಗಿದ ಬಲೆಯ ಮೇಲಿಂದ ಅವಳ ಚೆಂಡುಗಳೂ ಸಲೀಸಾಗಿ ಹಾರಿದವು. ಅಧ್ಯಕ್ಷರು ಸೋತರು.

ಬಲೆ ಬೆರಗಾಗಿ ಕೇಳಿತು: "ಅಣ್ಣ, ಈ ಸಲ ನಾನು ಅವಳಿಗೂ ಬಗ್ಗಿದೆನೇ?"

"ನೀನು ಅಂದೂ ಎರಡು ಕಡೆಗೂ ಬಗ್ಗಿದ್ದೆ, ತಂಗಿ. ಆಚೆ ನಿಂತವರೇ ಹೆದರಿ, ಬೇಕೆಂದೇ ಚೆಂಡನ್ನು ನಿನಗೆ ಹೊಡೆಯುತ್ತಿದ್ದರು."