ತೊಟ್ಟಿಲು ಹೊತ್ತ ನಡುಪಟ್ಟಿ

"ಗುರುಗಳೇ, ನಮ್ಮೂರ ನಡುಪಟ್ಟಿಗೆ ಯಾಕೆ ಅಷ್ಟೊಂದು ಬೆಲೆ?" ಎಂದು ಮುರಿಗೆಪ್ಪ ಕೇಳಿದ.

ಬೇಸಿಗೆ ಹತ್ತಿರ ಬಂದಿತ್ತು. ಮಠದ ಬಾವಿಯ ಹೂಳು ತೆಗೆಸಬೇಕಾಗಿತ್ತು. ಬಾವಿಗೆ ಇಳಿಯುವ ಹುಲುಗಪ್ಪನ ನಡುಪಟ್ಟಿ ಸವೆದುಹೋಗಿದೆ, ಹೊಸದೊಂದು ಕೊಂಡು ತಾ ಎಂದು ಗುರುಗಳು ಶಿಷ್ಯನನ್ನು ಬೆಳಿಗ್ಗೆ ಕಳಿಸಿದ್ದರು. ಮುರಿಗೆಪ್ಪ ಪಟ್ಟಿ ಹೊಲಿಯುವವರ ಬೀದಿಯಲ್ಲಿ ಮಧ್ಯಾಹ್ನದವರೆಗೆ ಚೌಕಾಸಿ ಮಾಡಿ, ಬಾಯಿ ಒಣಗಿಸಿಕೊಂಡು ಬರಿಗೈಯಲ್ಲಿ ಬಂದಿದ್ದ.

"ಸಂತೆಯಲ್ಲಿ ದೂರದೇಶದ ಪಟ್ಟಿ ಅದರ ಕಾಲುಭಾಗಕ್ಕೆ ಸಿಗುತ್ತದೆ. ಥಳಥಳ ಹೊಳೆಯುತ್ತದೆ. ಇವರು ಮಾತ್ರ ಒಂದು ಕಾಸೂ ಇಳಿಸುವುದಿಲ್ಲ. ಬೇಕಾದರೆ ತಗೋ, ಇಲ್ಲವಾದರೆ ಬಿಡು ಅನ್ನುತ್ತಾರೆ. ಏನು, ಬಂಗಾರದ ದಾರದಲ್ಲಿ ಹೊಲಿಯುತ್ತಾರೆಯೇ?"

ಗುರುಗಳು ನಕ್ಕರು. "ಅಬ್ಬಬ್ಬಾ, ಎಷ್ಟು ಸಿಟ್ಟಪ್ಪಾ ನಿನಗೆ! ಮೊದಲು ನೀರು ಕುಡಿ, ಬಾವಿಯಲ್ಲಿ ಇನ್ನೂ ಒಂದಿಷ್ಟು ಉಳಿದಿದೆ. ಕುಡಿದು ಕೂತುಕೋ. ಅದೇ ಬೀದಿಯಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ."

ಮುರಿಗೆಪ್ಪ ನೀರು ಕುಡಿದು ಕುಳಿತ. ಗುರುಗಳು ಹೇಳತೊಡಗಿದರು.

ಆ ಬೀದಿಯಲ್ಲಿ ಒಬ್ಬ ಪಟ್ಟಿ ಹೊಲಿಯುವವನಿದ್ದ. ಅವನು ಹೊಲಿದದ್ದನ್ನೆಲ್ಲ ಒಬ್ಬ ವ್ಯಾಪಾರಿ ಕೊಂಡು ತನ್ನ ಅಂಗಡಿಯಲ್ಲಿ ಮಾರುತ್ತಿದ್ದ. ವ್ಯಾಪಾರಿ ಕೆಟ್ಟವನಲ್ಲ, ಮತ್ತೆ. ಮೋಸ ಗೊತ್ತಿಲ್ಲದ ಮನುಷ್ಯ. ಆ ಸೀಮೆಯಲ್ಲಿ ರೈತರು, ಗಾಡಿ ಹೊಡೆಯುವವರು, ಮೂಟೆ ಹೊರುವವರು ಎಲ್ಲರೂ ಧೋತರದ ಮೇಲೆ ತೊಗಲಿನ ನಡುಪಟ್ಟಿ ಬಿಗಿಯುತ್ತಿದ್ದರು. ಬಾವಿಗೆ ಇಳಿಯುವವರಂತೂ ಪಟ್ಟಿಯ ಕಬ್ಬಿಣದ ಬಳೆಗೆ ಹಗ್ಗ ಕಟ್ಟಿಕೊಂಡೇ ಇಳಿಯುತ್ತಿದ್ದರು. ಬಳೆಯನ್ನು ಹಿಡಿದಿಟ್ಟ ಹೊಲಿಗೆ ಗಟ್ಟಿಯಿದ್ದರೆ ಜೀವ ಗಟ್ಟಿ.

ಪಟ್ಟಿ ಹೊಲಿಯುವವರ ಮನೆಗಳಲ್ಲಿ ಒಂದು ರೂಢಿಯಿತ್ತು. ಹೊಸ ಪಟ್ಟಿಯನ್ನು ಚಾವಣಿಯ ಜಂತೆಗೆ ಬಿಗಿಯಬೇಕು. ಅದರ ಬಳೆಗೆ ಮನೆಯ ಕೂಸಿನ ತೊಟ್ಟಿಲನ್ನು ಕಟ್ಟಬೇಕು. ಕೂಸಿಗೆ ನೀರೆರೆದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅದು ಅಲ್ಲಿಯೇ ಮಲಗಬೇಕು, ಅಲ್ಲಿಯೇ ಕೈಕಾಲು ಬಡಿದು ಆಡಬೇಕು. ಮನೆಯಲ್ಲಿ ಕೂಸಿಲ್ಲದಿದ್ದರೆ ಅಣ್ಣನ ಮನೆಯದೋ ತಮ್ಮನ ಮನೆಯದೋ ಬರಬೇಕು. ಆಮೇಲೆಯೇ ಪಟ್ಟಿ ಹೊಸ್ತಿಲು ದಾಟುವುದು. ಹೀಗಾಗಿ ದಿನಕ್ಕೆ ಒಂದೇ ಪಟ್ಟಿ. ಬೆಲೆ ಏರದೆ ಇನ್ನೇನಾದೀತು?

ಹೀಗಿರುವಾಗ ದೂರದೇಶದ ಪಟ್ಟಿಗಳು ಗಾಡಿಗಟ್ಟಲೆ ಬಂದು ಸಂತೆಯಲ್ಲಿ ಬಿದ್ದವು. ಜನ ಅತ್ತ ಮುಗಿಬಿದ್ದರು. ವ್ಯಾಪಾರಿ ತನ್ನ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕುಳಿತ. ಕೂತೂ ಕೂತೂ ಬೇಸತ್ತು, ಒಂದು ದಿನ ಹೊಲಿಯುವವನ ಮನೆಗೆ ಹೋದ. ಜಂತೆಯಲ್ಲಿ ಹೊಸ ಪಟ್ಟಿ, ಅದರಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಹೆಣ್ಣುಕೂಸು.

"ಅಲ್ಲಯ್ಯಾ, ತೊಟ್ಟಿಲು ಕಟ್ಟಿದಾಗ ಎಂದಾದರೂ ಪಟ್ಟಿ ಹರಿದದ್ದುಂಟೋ?" ಎಂದು ಕೇಳಿದ.

"ಬಿಡ್ತು ಅನ್ನಿ ಧಣಿ! ನಮ್ಮ ಮುತ್ತಜ್ಜನ ಕಾಲದಿಂದಲೂ ಇಲ್ಲ."

"ಹಾಗಾದರೆ ಈ ಪರೀಕ್ಷೆ ಯಾಕೆ? ಕೂಸು ಅಂದರೆ ಒಂದು ಕುಂಬಳಕಾಯಿಯ ತೂಕ. ಅದನ್ನು ತೂಗುಹಾಕಿದರೆ ಆಳಿನ ಭಾರ ತಡೆಯುತ್ತದೋ ಇಲ್ಲವೋ ಹೇಗೆ ತಿಳಿಯುತ್ತದೆ? ಒಂದು ದೊಡ್ಡ ಕಲ್ಲು ಕಟ್ಟಿ ನೋಡು. ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ದಿನಕ್ಕೆ ಮೂರು ಹೊಲಿ, ಬೆಲೆ ಇಳಿಸೋಣ. ನಿನ್ನ ಒಲೆಯೂ ಉರಿಯಲಿ, ನನ್ನದೂ ಉರಿಯಲಿ."

ತಪ್ಪೇನಿದೆ ಹೇಳು, ಮುರಿಗೆಪ್ಪಾ? ನೀನಿದ್ದರೂ ಇದನ್ನೇ ಹೇಳುತ್ತಿದ್ದೆ. ನಾನಿದ್ದರೂ ಇದನ್ನೇ ಹೇಳುತ್ತಿದ್ದೆ. ಹೊಲಿಯುವವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಪ್ಪಿದ. ಅವನ ಹೆಂಡತಿಗಂತೂ ದೊಡ್ಡ ಭಾರ ಇಳಿದಂತಾಯಿತು. ತೊಟ್ಟಿಲಿಗೆ ಬೇರೆ ಹಗ್ಗ ಬಂತು, ಪಟ್ಟಿಗೆ ಕಲ್ಲು ಬಂತು. ಕಲ್ಲು ಕಟ್ಟಿದಾಗ ಒಂದೊಂದು ಸಲ ಪಟ್ಟಿ ಹರಿದು ಕಲ್ಲು ಧೊಪ್ಪನೆ ಬೀಳುತ್ತಿತ್ತು. ಬಿದ್ದರೆ ಬೀಳಲಿ, ಕಲ್ಲಿಗೇನು ನೋವೇ? ಅದನ್ನು ಮೂಲೆಗೆ ಎಸೆದು ಇನ್ನೊಂದು ಹೊಲಿದರಾಯಿತು. ಕಲ್ಲನ್ನು ತಡೆದ ಪಟ್ಟಿಗಳು ಅಂಗಡಿಗೆ ಹೋದವು. ಜನ ಮತ್ತೆ ಬಂದರು. ವ್ಯಾಪಾರಿಯ ಮುಖ ಅರಳಿತು.

ಆ ಬೇಸಿಗೆಯಲ್ಲಿ ವ್ಯಾಪಾರಿ ತನ್ನ ಹಿತ್ತಿಲ ಬಾವಿಯ ಹೂಳು ತೆಗೆಸಿದ. ಬಾವಿಗೆ ಇಳಿಯಲು ಒಬ್ಬ ಆಳು ಬಂದ. ಹೊಸ ಪಟ್ಟಿ ಕಟ್ಟಿಕೊಂಡಿದ್ದ. "ನಿಮ್ಮ ಅಂಗಡಿಯದೇ ಧಣಿ" ಎಂದು ತಟ್ಟಿ ತೋರಿಸಿದ. ವ್ಯಾಪಾರಿಗೆ ಹೆಮ್ಮೆಯಾಯಿತು. ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ.

ಆಳು ಅರ್ಧ ಬಾವಿ ಇಳಿದಿರಬೇಕು, ಬಳೆಯ ಹೊಲಿಗೆ ಪರಪರನೆ ಬಿಚ್ಚಿಕೊಂಡಿತು. ಬಳೆ ಹಗ್ಗದಲ್ಲಿ ಉಳಿಯಿತು, ಪಟ್ಟಿ ಅವನ ನಡುವಿನಲ್ಲಿ ಉಳಿಯಿತು. ಬೀಳುತ್ತ ಬೀಳುತ್ತಲೇ ಅವನು ಎರಡೂ ಕೈಯಿಂದ ಹಗ್ಗ ಹಿಡಿದ. "ಸತ್ತೆನಪ್ಪೋ!" ಎಂದ ಕೂಗು ಮೇಲಕ್ಕೆ ಬಂತು. ಕೆಳಗೆ ಹೂಳಿನಿಂದ ಎದ್ದ ಬಂಡೆಗಳು. ವ್ಯಾಪಾರಿ ಶಲ್ಯ ಎಸೆದು ಹಗ್ಗಕ್ಕೆ ಕೈ ಹಾಕಿದ. ಇದ್ದವರೆಲ್ಲ ಸೇರಿ ಜಗ್ಗಿದರು. ಆಳು ಮೇಲೆ ಬಂದಾಗ ಅವನ ಅಂಗೈಯ ಚರ್ಮ ಹಗ್ಗದಲ್ಲಿತ್ತು.

ವ್ಯಾಪಾರಿ ಅಲ್ಲಿಯೇ ಕುಸಿದು, "ಬದುಕಿದೆಯಲ್ಲೋ ನನ್ನಪ್ಪಾ, ಬದುಕಿದೆಯಲ್ಲಾ" ಎಂದು ಆ ಆಳನ್ನು ತಬ್ಬಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಸಿಟ್ಟು ನೆತ್ತಿಗೇರಿತು. ಹರಿದ ಪಟ್ಟಿಯನ್ನು ಹಿಡಿದು ನೇರವಾಗಿ ಹೊಲಿಯುವವನ ಮನೆಗೆ ಹೋದ.

"ಕೊಲೆಗಡುಕಾ! ದಾರದಲ್ಲಿ ಮೋಸ ಮಾಡಿದೆಯಾ, ತೊಗಲಿನಲ್ಲಿ ಮಾಡಿದೆಯಾ?"

ಹೊಲಿಯುವವನು ಬಿಳಿಚಿಕೊಂಡ. "ಕೂಸಿನ ಮೇಲಾಣೆ ಧಣಿ, ಅದೇ ದಾರ, ಅದೇ ತೊಗಲು, ಅದೇ ಕೈ. ಏನಾಯಿತೋ ನನಗೆ ತಿಳಿಯದು" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ.

ಒಳಗಿನಿಂದ ಅವನ ಹೆಂಡತಿ ಬಂದಳು. ಹರಿದ ಪಟ್ಟಿಯನ್ನು ನೋಡಿ ಕಣ್ಣೀರು ಹಾಕಿದಳು. "ಧಣೀ, ಮೊದಲೆಲ್ಲ ಇವರು ಒಂದು ಹೊಲಿಗೆ ಹಾಕಿದರೆ ಮಗಳ ಕಡೆ ಒಂದು ಸಲ ನೋಡುತ್ತಿದ್ದರು. ನೋಡಿ, ದಾರವನ್ನು ಇನ್ನೊಂದು ಸಲ ಜಗ್ಗುತ್ತಿದ್ದರು. ಈಗ ಆ ಕಡೆ ನೋಡುವುದಿಲ್ಲ" ಎಂದಳು.

ಹೊಲಿಯುವವನು ತನ್ನ ಕೈಗಳನ್ನೇ ನೋಡಿಕೊಂಡ. ಎಂದೂ ಹರಿಯದ ಪಟ್ಟಿಗೆ ಪರೀಕ್ಷೆ ಯಾಕೆ ಎಂದು ಕೇಳಿದ್ದವನು ವ್ಯಾಪಾರಿಯೇ. ಆ ಪರೀಕ್ಷೆ ಇದ್ದುದರಿಂದಲೇ ಅದು ಹರಿಯುತ್ತಿರಲಿಲ್ಲ ಎಂದು ಈಗ ತಿಳಿಯಿತು. ತಿಳಿಯಲಿಕ್ಕೆ ಒಬ್ಬನ ಜೀವ ಬಾಯಿಗೆ ಬರಬೇಕಾಯಿತು ನೋಡು.

ವ್ಯಾಪಾರಿ ಮಾರಿದ ಪಟ್ಟಿಗಳನ್ನೆಲ್ಲ ಮನೆಮನೆಗೆ ಹೋಗಿ ದುಡ್ಡು ಕೊಟ್ಟು ಹಿಂದಕ್ಕೆ ತಂದ. ಅವನ ಗಲ್ಲಾಪೆಟ್ಟಿಗೆ ಬರಿದಾಯಿತು. ಆಮೇಲೆ ಆ ತಾಯಿಯ ಮುಂದೆ ನಿಂತು, "ಅವ್ವಾ, ತೊಟ್ಟಿಲು ಕಟ್ಟು ಎಂದು ಹೇಳಲು ನನಗೆ ಬಾಯಿಲ್ಲ. ನೀನೇ ಹೇಳು" ಎಂದ. ಅವಳು ಮುಂದಿನ ಪಟ್ಟಿ ಮುಗಿದ ದಿನ ಗಂಡನ ಕೈಯಿಂದ ಅದನ್ನು ತೆಗೆದುಕೊಂಡು ತಾನೇ ಜಂತೆಗೆ ಬಿಗಿದಳು, ತಾನೇ ಮಗಳನ್ನು ಮಲಗಿಸಿದಳು. ಬೆಲೆ ಮೊದಲಿನಷ್ಟೇ ಆಯಿತು. ಬಂದವರು ಗೊಣಗಿದರು. ವ್ಯಾಪಾರಿ ಗೊಣಗಾಟ ಕೇಳಿಕೊಂಡರೂ ಒಂದು ಕಾಸೂ ಇಳಿಸಲಿಲ್ಲ.

ಅಂಗೈ ಮಾಗಿದ ಮೇಲೆ ಆ ಬಾವಿಯ ಆಳು ಪಟ್ಟಿ ಕೊಳ್ಳಲು ಹೊಲಿಯುವವನ ಮನೆಗೇ ಬಂದ. ಬೆಲೆ ಕೇಳಲಿಲ್ಲ. ಕೂಸಿಗೆಂದು ಒಂದು ಅಚ್ಚು ಬೆಲ್ಲ ತಂದಿದ್ದ. ತೂಗುತ್ತಿದ್ದ ತೊಟ್ಟಿಲಿಗೆ ಕೈಮುಗಿದು, ಕೂಸಿನ ತಾಯಿಯ ಕಡೆ ತಿರುಗಿದ. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ. ನನ್ನ ಹೆಂಡತಿಮಕ್ಕಳು ಇದನ್ನು ನಂಬಿಕೊಂಡು ಮನೆಯಲ್ಲಿ ಕೂತಿರುತ್ತಾರೆ" ಎಂದ. ಇವತ್ತಿಗೂ ಬಾವಿಗೆ ಇಳಿಯುವವರು ಆ ಬೀದಿಗೆ ಹೋದರೆ ಬೆಲ್ಲ ಹಿಡಿದೇ ಹೋಗುತ್ತಾರೆ. ನೀನು ಹೋದದ್ದು ಬರೀ ಬಾಯಿ ಹಿಡಿದು.

ಗುರುಗಳು ಕತೆ ನಿಲ್ಲಿಸಿದರು. ಹುಲುಗಪ್ಪನಿಗೆ ಸಂತೆಯ ಪಟ್ಟಿಯೇ ಸಾಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದದ್ದು ಮುರಿಗೆಪ್ಪನಿಗೆ ನೆನಪಾಯಿತು. ಅವನು ಎದ್ದು ನಿಂತು, "ತಿಳಿಯಿತು ಗುರುಗಳೇ. ಅವರು ಹೇಳಿದ ಬೆಲೆ ನ್ಯಾಯವಾದದ್ದೇ. ಈಗಲೇ ಹೋಗಿ ಒಂದು ಕಾಸೂ ಕಡಿಮೆ ಮಾಡದೆ ಕೊಟ್ಟು ತರುತ್ತೇನೆ" ಎಂದ.

"ಕೊಟ್ಟು ಬಾ ಮಗಾ, ಆದರೆ ಆ ಹಣ ತೊಗಲಿಗೆ, ದಾರಕ್ಕೆ, ಅವರ ಎರಡು ಹೊತ್ತಿನ ಊಟಕ್ಕೆ ಆಯಿತು, ಕೂಸನ್ನು ಮಲಗಿಸಿದ್ದಕ್ಕೆ ಅವರು ಇವತ್ತಿನವರೆಗೂ ಯಾರ ಹತ್ತಿರವೂ ಏನೂ ಕೇಳಿಲ್ಲ" ಎಂದರು ಗುರುಗಳು.

ಮುರಿಗೆಪ್ಪ ಮಠದ ಅಡುಗೆಮನೆಯಿಂದ ಒಂದು ಅಚ್ಚು ಬೆಲ್ಲ ತೆಗೆದುಕೊಂಡು ಆ ಬೀದಿಯತ್ತ ನಡೆದ.