ಬಾನಿಯ ಕಪ್ಪೆ

ಹೊಳೆಯ ದಂಡೆಯ ಮೇಲೆ ಮೋನಪ್ಪಜ್ಜನ ಆಶ್ರಮ. ಅಲ್ಲಿ ಕಲ್ಲು ಕೆತ್ತುವುದೇ ಪಾಠ, ಅದೇ ಪೂಜೆ.

ಕಲಿಯಲು ಬಂದು ಏಳು ವರ್ಷ ತುಂಬಿದ ಶಿಷ್ಯನಿಗೆ ಅಲ್ಲಿ ಒಂದು ದಿನ ಗೊತ್ತುಮಾಡಿರುತ್ತಿದ್ದರು. ಅಂದು ಅಜ್ಜ ಆಶ್ರಮವನ್ನೆಲ್ಲ ಸುತ್ತಿ, ಶಿಷ್ಯನ ಕೈಯಿಂದಾದ ಒಂದೊಂದು ಕಲ್ಲನ್ನೂ ಮುಟ್ಟಿ ನೋಡುವನು. ಮನಸ್ಸಿಗೆ ಬಂದರೆ ತನ್ನದೇ ಉಳಿಯೊಂದನ್ನು ಕೊಡುವನು. ಬಾರದಿದ್ದರೆ ಶಿಷ್ಯ ಬರಿಗೈಯಲ್ಲಿ ಹೋಗಬೇಕು. ಶಿಲ್ಪಿ ಎಂದು ಎಲ್ಲಿಯೂ ಹೇಳಿಕೊಳ್ಳುವಂತಿಲ್ಲ.

ಕಾಳಪ್ಪನ ಸರದಿ ಬಂತು. ಪಾಪ, ಹಿಂದಿನ ದಿನದಿಂದ ಅವನಿಗೆ ಊಟ ಸೇರಿರಲಿಲ್ಲ. ಮಹಾ ಅಳತೆಯ ಮನುಷ್ಯ ಅವನು. ರೊಟ್ಟಿಯನ್ನೂ ಅಂಚಿನಿಂದ ಸಮನಾಗಿ ಮುರಿದು ತಿನ್ನುವವನು.

ಅಜ್ಜ ಕಂಬ ಮುಟ್ಟಿದ. ಮೆಟ್ಟಿಲು ಮುಟ್ಟಿದ. ಬಾಗಿಲ ಮೇಲಿನ ಬಳ್ಳಿಯಲ್ಲಿ ಬೆರಳಾಡಿಸಿದ. ಎಲ್ಲಿಯೂ ಕೂದಲೆಳೆಯಷ್ಟು ತಪ್ಪಿಲ್ಲ. ಆದರೂ ಅಜ್ಜ ಸೊಂಟದ ಉಳಿಗೆ ಕೈಹಾಕದೆ ಮುಂದೆ ನಡೆದ.

ಕೊನೆಗೆ ದನ ನೀರು ಕುಡಿಯುವ ಕಲ್ಲುಬಾನಿಯ ಹತ್ತಿರ ಬಂದು, ಬಗ್ಗಿ ನೋಡಿ, ಅಲ್ಲೇ ನಿಂತುಬಿಟ್ಟ.

“ಇಲ್ಲಿದ್ದ ಕಪ್ಪಿ ಎಲ್ಲಿ ಹೋತೋ?”

ಕಾಳಪ್ಪನ ಮುಖ ಇಳಿಯಿತು. ನಾಲ್ಕು ವರ್ಷದ ಹಿಂದೆ ಬಾನಿ ತೂತಾದಾಗ ಅವನೇ ಒಂದು ಕಲ್ಲಿನ ಚೂರನ್ನು ಬಡಿದು ಕೂರಿಸಿದ್ದ. ಹೊರಗುಳಿದ ತುದಿ ಕಪ್ಪೆಯ ಮೋರೆಯಂತೆ ಕಂಡಿತೆಂದು ಎರಡು ಕಣ್ಣು, ಒಂದು ಅಗಲ ಬಾಯಿ ಕೊರೆದಿದ್ದ. ಒಂದು ಕಣ್ಣು ದೊಡ್ಡದಾಗಿತ್ತು.

“ನಿನ್ನಿ ಸಂಜೀಕ ಕಿತ್ತು ಹೊಳಿಗೆ ಒಗದ್ನಿರಿ ಅಜ್ಜಾರ. ಬ್ಯಾರೆ ಬೆಣಿ ಹಾಕೇನಿ. ಒಂದ್ ಹನಿ ಸೋರಂಗಿಲ್ರಿ.”

“ಸೋರಂಗಿಲ್ಲ, ಖರೆ. ಯಾಕ ಒಗದಿ?”

“ಅದಕ್ಕ ಅಳತಿ ಇಲ್ಲ, ಏನಿಲ್ಲ. ನೀವು ನೋಡತೀರಂತ ನಾಚಿಕಿ ಆತ್ರಿ.”

“ನಾಕು ವರ್ಷ ಆತು, ದನಕ್ಕ ನೀರು ಕುಡಸಾಕ ಬಂದಾಗೆಲ್ಲ ಅದರ ಜೋಡಿ ಮಾತಾಡ್ತಿದ್ನಿ.” ಅಜ್ಜನ ದನಿ ಸಣ್ಣದಾಯಿತು. “ಅದನ್ನ ಕೆತ್ತು ಅಂತ ನಿನಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ.”

“ಕಂಬಾ?”

“ನೀವು ಹೇಳಿದ್ರಿ.”

“ಮೆಟ್ಟಲಾ?”

“ಅದೂ ನೀವ ಹೇಳಿದ್ರಿ.”

“ಹೋಗು. ಕಪ್ಪಿ ಹುಡುಕ್ಕೊಂಡು ಬಾ.”

ಕಾಳಪ್ಪ ಮೊಣಕಾಲುದ್ದದ ನೀರಿಗಿಳಿದ. ಕೈ ಹಾಕಿದಲ್ಲೆಲ್ಲ ಕಲ್ಲೇ. ಇನ್ನೆಲ್ಲಿಯ ಉಳಿ ಎಂದು ಅವನಿಗೆ ಅಳು ಬಂತು, ಅತ್ತೂಬಿಟ್ಟ.

ಒಂದು ಕಲ್ಲೆತ್ತಿದ. ಕಪ್ಪೆಯಲ್ಲ. ಎಸೆಯಲು ಹೋಗಿ ಇನ್ನೊಮ್ಮೆ ನೋಡಿದ. ಹಲ್ಲಿಲ್ಲದ ತನ್ನ ಸೋದರತ್ತೆಯ ಗಲ್ಲವೇ ಅದು. ದಂಡೆಯ ಮೇಲಿಟ್ಟ. ಮುಂದಿನದು ಸಿಟ್ಟಿಗೆದ್ದ ಬದನೆಕಾಯಿ. ಅದನ್ನೂ ಇಟ್ಟ.

ಬಿಸಿಲು ನೆತ್ತಿಗೇರಿತು. ಉಳಿಯ ನೆನಪೇ ಅವನಿಗಿರಲಿಲ್ಲ. ನೀರಿನಲ್ಲಿ ನಿಂತು ಒಬ್ಬನೇ ನಗುವವನನ್ನು ನೋಡಿ ಬಟ್ಟೆ ಒಗೆಯುವ ಹೆಂಗಸರೂ ನಕ್ಕರು.

ಟವೆಲ್ ತುಂಬ ಕಲ್ಲು ಕಟ್ಟಿಕೊಂಡು ಅಜ್ಜನ ಮುಂದೆ ಬಂದು ನಿಂತ.

“ಕಪ್ಪಿ ಸಿಕ್ತೇನು?”

“ಇಲ್ರಿ. ಹರಕೊಂಡು ಹೋಗಿರಬೇಕು. ಆದ್ರ ಇವನ್ನ ನೋಡ್ರಿ ಅಜ್ಜಾರ. ಇದು ನಮ್ಮ ಅತ್ತಿ. ಇದು ಸಿಟ್ಟಿನ ಬದನಿಕಾಯಿ. ಇದು ಬೆಕ್ಕು, ಮಲಗೇತಿ. ಇದಕ್ಕೆರಡು ಮೀಸಿ ಕೊರದ್ರ ಸಾಕು ನೋಡ್ರಿ.”

ಅಜ್ಜ ಬೆಕ್ಕನ್ನು ಅಂಗೈಯಲ್ಲಿಟ್ಟುಕೊಂಡು ಹೊಟ್ಟೆ ಕುಲುಕುವಂತೆ ನಕ್ಕ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಸವೆದ ಉಳಿಯನ್ನು ತೆಗೆದು ಶಿಷ್ಯನ ಕೈಯಲ್ಲಿಟ್ಟ.

“ಮೆಲ್ಲಕ ಹೊಡಿ, ತಮ್ಮಾ. ಬೆಕ್ಕು ಎದ್ದೀತು.”