ಸೀತಾಫಲದ ಒಳಮನೆಯ ಪಾಕವ್ವ

ಲೋಕ ಇನ್ನೂ ಹಸುಗೂಸಾಗಿದ್ದ ಕಾಲ. ಗುಡ್ಡಗಳಿಗೆ ಹೆಸರಿರಲಿಲ್ಲ, ಹಣ್ಣುಗಳಿಗೆ ರುಚಿಯಿರಲಿಲ್ಲ. ಸೀತಾಫಲದ ಕಾಯಿ ಮರದಲ್ಲೇ ಬಲಿತು, ಕಲ್ಲಾಗಿ, ಕರಕಾಗಿ ಉದುರುತ್ತಿತ್ತು.

ಸಿಹಿ ಮಾಡುವವರು ಇರಲಿಲ್ಲವೇ? ಇದ್ದರು. ಭೂಮಿತಾಯಿ ಪ್ರತಿ ಕಾಯಿಯ ಒಳಮನೆಯಲ್ಲೂ ಒಬ್ಬ ಅಡುಗೆಯವಳನ್ನು ಕೂರಿಸಿದ್ದಳು. ಶಾಲೆಯವರು ಅವಳನ್ನು ಜೀನ್ ಎನ್ನುತ್ತಾರಂತೆ. ಎನ್ನಲಿ ಬಿಡಿ, ನಮ್ಮ ಕತೆಯ ಕಾಯಿಯಲ್ಲಿದ್ದವಳ ಹೆಸರು ಪಾಕವ್ವ. ಒಗರನ್ನು ಸಿಹಿ ಮಾಡುವ ಅಡುಗೆ ಅವಳಿಗೆ ಬಾಯಿಪಾಠ. ಆದರೆ "ಕರೆ ಬರುವವರೆಗೆ ಒಲೆ ಹಚ್ಚಬೇಡ" ಎಂದಿದ್ದಳು ತಾಯಿ.

ಕರೆ ಬರಲೇ ಇಲ್ಲ. ತಣ್ಣನೆಯ ಒಲೆಯ ಮುಂದೆ ಪಾಕವ್ವ ಒಬ್ಬಳೇ ಕೂತಳು. ಮಾತಾಡಿದರೆ ತನ್ನ ದನಿಯೇ ತನಗೆ ಕೇಳುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು. ಒಮ್ಮೆ ಗೋಡೆಯ ಬಿರುಕಿನಲ್ಲಿ ಗಾಳಿ ಸುಳಿದಾಗ ಕೇಳಿದಳು:

"ಗಾಳಿಯಣ್ಣಾ, ನನ್ನನ್ನ ಎಲ್ಲರೂ ಮರೆತುಬಿಟ್ಟರಾ?"

"ಇಲ್ಲ ಕಣವ್ವ," ಎಂದಿತು ಗಾಳಿ. "ನಾನು ಕೂಗಿದೆ, ಮಳೆ ಬಾಗಿಲು ತಟ್ಟಿತು. ನಿಮ್ಮ ಕಾವಲುಗಾರ ಕದಪ್ಪನಿಗೆ ಕಿವೀನೇ ಇಲ್ಲ, ಬರೀ ಮೂಗು! ಕೆಳಗಿನ ಕೊಂಬೆಯವರು ಕರಕಾದರು. ಇನ್ನು ನಿನ್ನ ಸರದಿ."

ಕದಪ್ಪ ಮಹಾ ಜಿಗುಟು. ಒಳಗೆ ಸುದ್ದಿ ಒಯ್ಯಬೇಕಾದ ನಂಜನ ಪಂಚೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದ. "ಬಿಡಣ್ಣಾ" ಎಂದು ನಂಜ ಗೋಗರೆದರೂ ಕಿವುಡನ ಮುಂದೆ ಶಂಖ ಊದಿದ ಹಾಗೆ.

ಒಂದು ದಿನ ಗಿಳಿಯೊಂದು ಪಕ್ಕದ ಕೊಂಬೆಯ ಕಾಯಿಯನ್ನು ಕುಕ್ಕಿತು. ಆ ಪೆಟ್ಟಿಗೆ ಅಲ್ಲಿನ ಅಡುಗೆಯವಳು ಬೆಚ್ಚಿಬಿದ್ದು ಒಲೆ ಹಚ್ಚಿದಳು. ಸಿಹಿಯೇನೋ ಆಯಿತು. ಆದರೆ ಅವಳೂ ಒಂಟಿ. ಒಬ್ಬಳೇ ಹೇಗೆ ಉಂಡಾಳು?

"ನೆರೆಯವ್ವಾ, ಅಡುಗೆ ಆಯ್ತು, ಉಣ್ಣೋಕೆ ಬಾರೇ!"

ಆ ಕರೆಗೆ ದನಿಯಿರಲಿಲ್ಲ. ಒಲೆಯ ಹಬೆಯ ಮೇಲೆ ಕಂಪಾಗಿ ಬಂದು ಕದಪ್ಪನ ಮೂಗಿಗೆ ತಾಗಿತು. ಅವನು ಕದ ತೆಗೆಯಲಿಲ್ಲ, ಮೇಲೇಳಲೂ ಇಲ್ಲ. ಕಂಪಿಗೆ ಮೈಮರೆತ, ಅಷ್ಟೆ. ಮುಷ್ಟಿ ಸಡಿಲಾಯಿತು.

ನಂಜ ಒಳಮನೆಗೆ ಓಡಿದ. "ಏಳವ್ವಾ, ಕರೆ ಬಂತು! ಪಕ್ಕದೋಳು ಊಟಕ್ಕೆ ಕರೀತವಳೆ!"

ಪಾಕವ್ವ ಒಲೆ ಹಚ್ಚಿದಳು. ಒಗರು ಸಿಹಿಯಾಯಿತು. ಕಲ್ಲಿನಂಥ ಕಾಯಿ ಮೆತ್ತಗಾಯಿತು. "ಬಂದೆ ಕಣೇ, ಬಂದೆ!" ಎಂದು ಬಾಗಿಲಿಗೆ ಓಡಿದಳು.

ಪಕ್ಕದ ಕೊಂಬೆ ಖಾಲಿಯಿತ್ತು.

"ಆಗಲೇ ಉದುರಿದಳವ್ವ," ಎಂದಿತು ಗಾಳಿ, ಮೆಲ್ಲಗೆ.

ಕರೆದವಳ ಮುಖವನ್ನೂ ಪಾಕವ್ವ ನೋಡಲಿಲ್ಲ. ಮಾಡಿಟ್ಟ ಅಡುಗೆಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ತಲೆಯೆತ್ತಿದರೆ ಎಲೆಯ ಮರೆಯಲ್ಲಿ ಇನ್ನೊಂದು ಕಾಯಿ ಕಂಡಿತು, ಹಸಿರು, ಗಟ್ಟಿ. ಅದರೊಳಗೂ ಯಾರೋ ತಣ್ಣನೆಯ ಒಲೆಯ ಮುಂದೆ ಕೂತಿದ್ದಾಳೆ. ಅವಳು ಎದ್ದು ಬರುವ ಹೊತ್ತಿಗೆ ತಾನಿರುವುದಿಲ್ಲ ಎಂದು ಪಾಕವ್ವನಿಗೆ ಗೊತ್ತಿತ್ತು.

ಕಣ್ಣೊರೆಸಿಕೊಂಡು ಪಾತ್ರೆಯ ಮುಚ್ಚಳ ತೆಗೆದಳು. "ನೆರೆಯವ್ವಾ, ಅಡುಗೆ ಆಯ್ತು, ಉಣ್ಣೋಕೆ ಬಾರೇ."

ಅದಕ್ಕೇ ಮಗು, ಇವತ್ತಿಗೂ ಅಜ್ಜಿ ಕಾಯಿಗಳನ್ನು ಹುಲ್ಲಿನಲ್ಲಿ ಹೂಳುವಾಗ ನಡುವೆ ಒಂದು ಹಣ್ಣಿಟ್ಟು, ಕಂಪು ಆಚೆ ಹೋಗದಂತೆ ಗೋಣಿ ಹೊದಿಸುತ್ತಾಳೆ. ನೀನು ಗೋಣಿ ಸರಿಸಿ ನೋಡಿದಾಗ ಕಾಯಿಗಳೆಲ್ಲ ಹಣ್ಣಾಗಿರುತ್ತವೆ, ಕರೆದ ಹಣ್ಣೊಂದು ಮಾತ್ರ ಕೊಳೆತುಹೋಗಿರುತ್ತದೆ.